ಓದುಗರ ಮನೆಗೆ ಪುಸ್ತಕ ತಲುಪಿಸುವ ಜ್ಞಾನ ಪೋಸ್ಟ್

ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ತಾವೇ ಮಾರುವ ಕನ್ನಡದ ಲೇಖಕರನ್ನು ಕಾಗದದ ಬೆಲೆಗಿಂತ ಹೆಚ್ಚಾಗಿ ಕಾಡುವುದು ಸಾಗಣೆಯ ಖರ್ಚು. ನೂರೈವತ್ತು ರೂಪಾಯಿಯ ಕಥಾಸಂಕಲನವೊಂದನ್ನು ಓದುಗರ ಮನೆಗೆ ಮುಟ್ಟಿಸಲು ಅದರ ಅರ್ಧದಷ್ಟು ಹಣ ತಗಲುವುದಾದರೆ, ಅದನ್ನು ಓದುಗರಿಂದ ಕೇಳುವುದಕ್ಕೂ ಮನಸ್ಸಾಗುವುದಿಲ್ಲ, ತಾನೇ ಭರಿಸುವುದಕ್ಕೂ ಆಗುವುದಿಲ್ಲ. ಪುಸ್ತಕಗಳನ್ನು ಕಡಿಮೆ ದರಕ್ಕೆ ನೋಂದಾಯಿಸಿ ಕಳುಹಿಸಬಹುದಾಗಿದ್ದ ಅಂಚೆ ಇಲಾಖೆಯ ಹಳೆಯ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತಾಗ ನನ್ನಂತಹ ಅನೇಕರು ಕಳವಳಗೊಂಡದ್ದು ಈ ಕಾರಣಕ್ಕೆ. 2025ರ ಮೇ 1ರಿಂದ ಇಲಾಖೆ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಎಂಬ ಸೇವೆಯನ್ನು ಆರಂಭಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುಳಿತು ಕಥೆ ಬರೆಯುವ, ಆ ಕಥೆಗಳ ಪುಸ್ತಕವನ್ನು ಈ ಸೇವೆಯ ಮೂಲಕವೇ ನಾಡಿನ ಬೇರೆ ಬೇರೆ ಮೂಲೆಗಳಿಗೆ ಕಳುಹಿಸುತ್ತಿರುವ ಒಬ್ಬಳ ಅಭಿಪ್ರಾಯವೆಂದು ಇದನ್ನು ಓದಬೇಕು.

ಮೊದಲು ದರದ ವಿಷಯ. 300 ಗ್ರಾಂ ವರೆಗಿನ ಪುಸ್ತಕದ ಕಟ್ಟಿಗೆ 20 ರೂಪಾಯಿ. ತೂಕ ಏರಿದಂತೆ ದರವೂ ಏರಿ 5 ಕಿಲೋಗ್ರಾಂಗೆ 100 ರೂಪಾಯಿಗೆ ನಿಲ್ಲುತ್ತದೆ. ಅನ್ವಯವಾಗುವ ತೆರಿಗೆ ಬೇರೆ. ಕಥೆ, ಕಾದಂಬರಿಗಳಿಗೆ ಸಾಮಾನ್ಯವಾದ ಡೆಮಿ ಅಳತೆಯಲ್ಲಿ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಅಚ್ಚಾದ ಇನ್ನೂರು ಪುಟಗಳ ಪುಸ್ತಕ ರಕ್ಷಾಪುಟವೂ ಸೇರಿ ಸುಮಾರು 225 ಗ್ರಾಂ ತೂಗುತ್ತದೆ. ಆದ್ದರಿಂದ ಕನ್ನಡದ ಬಹುಪಾಲು ಕವನಸಂಕಲನಗಳು, ಕಥಾಸಂಕಲನಗಳು, ಸಣ್ಣ ಕಾದಂಬರಿಗಳು ಲಕೋಟೆಯ ತೂಕ ಸೇರಿದರೂ ಮೊದಲ ಹಂತದೊಳಗೇ ಉಳಿಯುತ್ತವೆ. ಕಟ್ಟು ಎಲ್ಲಿಗೆ ತಲುಪಿದೆ ಎಂಬುದನ್ನು ರಸೀದಿಯ ಸಂಖ್ಯೆಯಿಂದ ಮೊಬೈಲಿನಲ್ಲೇ ನೋಡಬಹುದು. ಇಷ್ಟು ಕಡಿಮೆ ದರದಲ್ಲಿ ಈ ಅನುಕೂಲವೂ ಸಿಗುವುದು ಬಹಳ ದೊಡ್ಡ ಸಂಗತಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿ, ಅದು ಪ್ರತ್ಯೇಕ ಸೇವೆಯಾಗಿ ಉಳಿಯದ ಮೇಲಂತೂ ಪುಸ್ತಕ ಕಳುಹಿಸುವವರಿಗೆ ಇದರ ಮಹತ್ವ ಇನ್ನಷ್ಟು ಹೆಚ್ಚಾಗಿದೆ.

ನಿಧಾನವನ್ನು ಒಪ್ಪಿಕೊಳ್ಳಲೇಬೇಕು. ಕಟ್ಟುಗಳು ನೆಲದ ಮಾರ್ಗದಲ್ಲಿ ಮಾತ್ರ ಸಾಗುತ್ತವೆ. ದರ ಇಷ್ಟು ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ನಾಳೆಯ ಬಿಡುಗಡೆ ಸಮಾರಂಭಕ್ಕೆ ಪ್ರತಿಗಳು ಬೇಕಾದವರು ಬೇರೆ ದಾರಿ ನೋಡಿಕೊಳ್ಳಬೇಕು. ಆದರೆ ಕಥೆಯ ಪುಸ್ತಕಕ್ಕಾಗಿ ಕಾಯುವ ಓದುಗರಿಗೆ ನಾಲ್ಕು ದಿನ ತಡವಾದರೆ ನಷ್ಟವೇನೂ ಇಲ್ಲ. ಮತ್ತೊಂದು ಮಿತಿ ನಮ್ಮಂತಹ ಹಳ್ಳಿಯವರಿಗೆ ಸಂಬಂಧಿಸಿದ್ದು. ಈ ಸೇವೆ ಇಲಾಖಾ ಅಂಚೆ ಕಚೇರಿಗಳಲ್ಲಿ ಲಭ್ಯ ಎಂದು ಪ್ರಕಟಿಸಲಾಗಿದೆಯೇ ಹೊರತು ಗ್ರಾಮೀಣ ಡಾಕ್ ಸೇವಕರು ನಡೆಸುವ ಶಾಖಾ ಅಂಚೆ ಕಚೇರಿಗಳ ಹೆಸರು ಅದರಲ್ಲಿಲ್ಲ. ಹೀಗಾಗಿ ನಾನು ಪುಸ್ತಕಗಳ ಚೀಲ ಹಿಡಿದು ಬಸ್ಸಿನಲ್ಲಿ ಪೇಟೆಗೆ ಹೋಗುತ್ತೇನೆ. ಮಳೆಗಾಲದಲ್ಲಿ ಪ್ರತಿ ಪುಸ್ತಕವನ್ನೂ ಮೊದಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂಚುಗಳಿಗೆ ಟೇಪು ಹಾಕಿ, ಅನಂತರ ಕಂದು ಬಣ್ಣದ ಲಕೋಟೆಯಲ್ಲಿ ಇಡುವುದು ಒಳ್ಳೆಯದು. ವಿಳಾಸವನ್ನು ನೀರು ತಾಗಿದರೂ ಹರಡದ ಶಾಯಿಯಲ್ಲಿ ಬರೆಯಬೇಕು.

ಈ ಸೇವೆಯ ನಿಜವಾದ ಬಲ ಕಾಣುವುದು ಪುಸ್ತಕ ತಲುಪುವ ತುದಿಯಲ್ಲಿ. ಮಲೆನಾಡಿನ ಮನೆಗಳಿಗೆ ಬೀದಿಯೂ ಇಲ್ಲ, ಮನೆಸಂಖ್ಯೆಯೂ ಇಲ್ಲ. ಮನೆಯ ಹೆಸರು, ಊರು, ಅಂಚೆ, ತಾಲ್ಲೂಕು, 577ರಿಂದ ಶುರುವಾಗುವ ಪಿನ್‌ಕೋಡ್, ಇಷ್ಟೇ ವಿಳಾಸ. ಗುಡ್ಡದ ಒಂದು ಮಗ್ಗುಲಲ್ಲಿ ಒಂದು ಮನೆಯಿದ್ದರೆ ಮತ್ತೊಂದು ಮನೆ ಹಳ್ಳ ದಾಟಿ ತೋಟದ ಆಚೆ ಇರುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ ಪೇಟೆಯಿಂದಲೇ ಫೋನು ಮಾಡಿ, ಬಂದು ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಓದುಗರಿಗೆ ಅದು ಆಗುವ ಕೆಲಸವಲ್ಲ. ಅಂಚೆಯವರಿಗಾದರೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾರೆ ಎಂಬುದೂ ಗೊತ್ತಿರುತ್ತದೆ. ಹೊಸನಗರದ ಕಡೆಯ ಒಬ್ಬ ಹಿರಿಯ ಓದುಗರ ಮನೆಗೆ ನನ್ನ ಪುಸ್ತಕವನ್ನು ತಲುಪಿಸಿದ ಅಂಚೆಯಣ್ಣ, "ಇದು ನಮ್ಮ ಕಡೆ ಕಥೆಯೇ ಅಂತೆ, ಓದಿ ಆದ್ಮೇಲೆ ನಂಗೂ ಕೊಡಿ ಅಜ್ಜಾ" ಎಂದು ಕೇಳಿ ಹೋದರೆಂದು ಆ ಹಿರಿಯರು ನನಗೆ ಬರೆದಿದ್ದರು.

ಬರೆಯುವವರು ಪುಸ್ತಕವನ್ನು ತಾವೇ ಓದುಗರಿಗೆ ಮುಟ್ಟಿಸುವುದು ಕನ್ನಡಕ್ಕೆ ಹೊಸದಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ ಚಂದಾದಾರರನ್ನು ನೆಚ್ಚಿ ಬೆಳೆಯಿತು. ನಮ್ಮ ಜಿಲ್ಲೆಯ ಹೆಗ್ಗೋಡಿನಂತಹ ಹಳ್ಳಿಯಲ್ಲಿ ನೆಲೆ ನಿಂತ ಅಕ್ಷರ ಪ್ರಕಾಶನದ ಪುಸ್ತಕಗಳು ನಾಡಿನುದ್ದಕ್ಕೂ ಓದುಗರನ್ನು ಪಡೆದಿವೆ. ಈ ಪರಂಪರೆಯಲ್ಲಿ ವ್ಯಾಪಾರದ ಜೊತೆಗೆ ಮತ್ತೊಂದು ಲಾಭವೂ ಇತ್ತೆಂದು ನಾನು ನಂಬುತ್ತೇನೆ: ತಾನು ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದು ಬರೆಯುವವರಿಗೆ ಹೆಸರು ಹಿಡಿದು ಗೊತ್ತಿರುತ್ತಿತ್ತು.

ಸ್ವಂತ ಕೈಯಿಂದ ವಿಳಾಸ ಬರೆಯುವ ಕೆಲಸ ಬರವಣಿಗೆಯ ಮೇಲೆ ಬೀರುವ ಪರಿಣಾಮವನ್ನು ನಾನು ಲಘುವಾಗಿ ಹೇಳಲಾರೆ. ದೂರದ ನಗರದ ಓದುಗರನ್ನಷ್ಟೇ ಕಣ್ಣೆದುರು ಇಟ್ಟುಕೊಂಡಾಗ ಮಲೆನಾಡೆಂದರೆ ಮಂಜು, ಮಳೆ, ಕಡುಬು, ಹಂಡೆಯ ಬಿಸಿನೀರು ಎಂದು ಬರೆದುಬಿಡುವ ಸೆಳೆತ ಬಲವಾಗಿರುತ್ತದೆ, ಮತ್ತು ಅಂತಹ ಬರಹಕ್ಕೆ ಮೆಚ್ಚುಗೆಯೂ ಬೇಗ ಸಿಗುತ್ತದೆ. ಆದರೆ ಅದೇ ಸಂಜೆ ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟದ ಅರ್ಧವನ್ನು ಕಳೆದುಕೊಂಡ ರೈತರೊಬ್ಬರ ಹೆಸರನ್ನೂ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರನ್ನೇ ಬಿಟ್ಟುಬಂದ ಕುಟುಂಬದ ಮಗಳೊಬ್ಬರ ಹೆಸರನ್ನೂ ಲಕೋಟೆಯ ಮೇಲೆ ಬರೆಯಬೇಕಾದಾಗ, ಮೇಜಿನ ಮೇಲೆ ಅರ್ಧಕ್ಕೆ ನಿಂತ ಕಥೆಯ ಮಳೆಯನ್ನು ಬರೀ ಚಂದಕ್ಕೆಂದು ಸುರಿಸಲು ಕೈ ಬರುವುದಿಲ್ಲ. ಆ ಮಳೆಯಲ್ಲಿ ಕೊಳೆರೋಗದ ಭಯವೂ ಇರಬೇಕು, ಔಷಧಿ ಹೊಡೆಯಲು ಜನ ಸಿಗದ ಸಂಕಟವೂ ಇರಬೇಕು. ಓದುವವರಿಗೆ ಗೊತ್ತಿರುವ ಬದುಕನ್ನು ಅವರೆದುರಿಗೇ ಸಿಂಗರಿಸಿ ಹೇಳುವುದು ನನಗೆ ಸಾಧ್ಯವಿಲ್ಲದ ಕೆಲಸ. ಹಾಗೆಂದು ಅವರು ಮೆಚ್ಚುವಂತೆ ಬರೆಯಬೇಕೆಂದೂ ಅಲ್ಲ. ತನ್ನ ಮನೆತನದ ಹಿರಿಯರು ಆಳುಗಳನ್ನು ನಡೆಸಿಕೊಂಡ ರೀತಿಯನ್ನು ಬರೆದರೆ ನೆಂಟರಲ್ಲೇ ಕೆಲವರು ಪುಸ್ತಕವನ್ನು ಮುಚ್ಚಿಡುತ್ತಾರೆ. ಅವರಿಗೂ ಪ್ರತಿ ಕಳುಹಿಸಲೇಬೇಕು ಎಂಬುದು ನನ್ನ ನಿಲುವು.

ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಅಂಚೆ ವಿಳಾಸ ಅಚ್ಚಾಗಿದೆ. ಐವತ್ತು ಪೈಸೆಯ ಕಾರ್ಡಿನಲ್ಲಿ, ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರದಲ್ಲಿ ಇಂದಿಗೂ ಉತ್ತರಗಳು ಬರುತ್ತವೆ. ಫೋನಿನಲ್ಲಿ "ಚೆನ್ನಾಗಿದೆ" ಎಂದು ಮುಗಿಸುವವರು ಪತ್ರದಲ್ಲಿ ಹಾಗೆ ಮುಗಿಸುವುದಿಲ್ಲ. ಸಾಗರದ ನಿವೃತ್ತ ಶಿಕ್ಷಕಿಯೊಬ್ಬರು, "ಅಕ್ಕಾ, ನಿಮ್ಮ ಕಥೆಯ ಅತ್ತೆ ಕೊನೆಯವರೆಗೂ ಬಾಯಿ ಬಿಡಲಿಲ್ಲ, ನನ್ನ ಅತ್ತೆಯೂ ಹಾಗೇ ಹೋದರು" ಎಂದು ಆರಂಭಿಸಿ, ತಾವು ಯಾರಲ್ಲೂ ಹೇಳದ ಒಂದು ಸಂಗತಿಯನ್ನು ಇನ್‌ಲ್ಯಾಂಡಿನ ಮಡಿಕೆಯವರೆಗೂ ತುಂಬಿಸಿ ಬರೆದಿದ್ದರು. ಅಂತಹ ಪತ್ರಕ್ಕೆ ನಾನು ಅಂದೇ ಉತ್ತರಿಸುತ್ತೇನೆ. ಕಥೆಗೆ ಅದನ್ನು ಎಂದೂ ಬಳಸುವುದಿಲ್ಲ.

ನಿಯಮಗಳಲ್ಲಿ ಮೂರು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೆ, ಜಾಹೀರಾತುಗಳಿರುವವಕ್ಕೆ ಈ ದರ ಅನ್ವಯಿಸುವುದಿಲ್ಲ. ಮುದ್ರಣದ ಖರ್ಚಿಗೆಂದು ಅಡಿಕೆ ಮಂಡಿಯದೋ ಚಿನ್ನದಂಗಡಿಯದೋ ಜಾಹೀರಾತನ್ನು ಹಿಂಬದಿಯ ಪುಟಕ್ಕೆ ಹಾಕುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಅಚ್ಚಿಗೆ ಕೊಡುವ ಮೊದಲೇ ಯೋಚಿಸಬೇಕು. ನಿಯತಕಾಲಿಕಗಳಿಗೂ ಅವಕಾಶವಿಲ್ಲ, ಮತ್ತು ಇಲ್ಲಿ ನನಗೆ ಇಲಾಖೆಯೊಂದಿಗೆ ಗಾಢವಾದ ಭಿನ್ನಾಭಿಪ್ರಾಯವಿದೆ. ಚಿಕ್ಕ ಊರುಗಳಿಂದ ಹೊರಡುವ ಸಾಹಿತ್ಯ ಪತ್ರಿಕೆಗಳು ಲಾಭದ ಉದ್ಯಮಗಳಲ್ಲ. ಹೊಸಬರ ಮೊದಲ ಕಥೆ, ಮೊದಲ ಕವಿತೆ ಬೆಳಕು ಕಾಣುವುದು ಬಹುಮಟ್ಟಿಗೆ ಅಲ್ಲಿಯೇ. ಜಾಹೀರಾತಿಲ್ಲದ ಕಿರುಪತ್ರಿಕೆಗಳನ್ನಾದರೂ ಈ ಸೇವೆಯೊಳಗೆ ತಂದರೆ ಅವುಗಳ ಸಂಪಾದಕರಿಗೆ ಎಷ್ಟು ಉಸಿರು ಬಂದಂತಾಗುತ್ತದೆ ಎಂಬುದು ಚಂದಾ ಹಣದ ಲೆಕ್ಕ ಬರೆದವರಿಗೆ ಗೊತ್ತು.

ನನ್ನ ಮುಂದಿನ ಸಂಕಲನ ಈಗಿನ ಅಂದಾಜಿನಲ್ಲಿ ಮುನ್ನೂರು ಪುಟ ದಾಟುತ್ತದೆ, ಎಂದರೆ 300 ಗ್ರಾಂ ಮೀರುತ್ತದೆ. ಒಂದೆರಡು ಕಥೆ ತೆಗೆದರೆ ಮೊದಲ ಹಂತದ ದರದಲ್ಲೇ ಕಳುಹಿಸಬಹುದೆಂದು ಅಚ್ಚುಕೂಟದವರು ಸಲಹೆ ಕೊಟ್ಟರು. ತೆಗೆಯಬಹುದೆಂದು ಅವರು ತೋರಿಸಿದ್ದು ಮುಳುಗಡೆಯ ಎರಡು ಕಥೆಗಳನ್ನು. ಅವೆರಡೂ ಉಳಿಯುತ್ತವೆ, ಮುಂದಿನ ಹಂತದ ಹೆಚ್ಚಿನ ದರವನ್ನು ನಾನೇ ಕೊಡುತ್ತೇನೆ.