ಗಣಿಯಲ್ಲಿ ಓಡಿದ ಹಳೇ ಫೋರ್ ವೀಲ್ ಡ್ರೈವ್ ಕೊಳ್ಳುವ ಮುಂಚೆ ಡಾಂಬರಿನ ಮೇಲೆ ಒಂದು ಯೂ ಟರ್ನ್ ಹೊಡೆದು ನೋಡಿ

ಬಳ್ಳಾರಿ ಸುತ್ತಮುತ್ತ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ ಹುಡುಕುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಈಗಾಗಲೇ ಕೊಂಡಾಗಿದೆ, ನಿಧಾನಕ್ಕೆ ಪೂರ್ತಿ ಕಟ್ ಮಾಡಿ (ಸ್ಟೇರಿಂಗ್ ಕೊನೆ ತನಕ ಹೊರಳಿಸಿ) ತಿರುಗಿಸುವಾಗ ಮುಂದಿನ ಚಕ್ರ ಟಪ್ ಟಪ್ ಅಂತ ಹಾರುತ್ತಿದೆ, ಗ್ಯಾರೇಜಿನವರು ಆಕ್ಸಲ್ ಹೋಗಿದೆ ಅಂತಿದ್ದಾರೆ ಅನ್ನುವವರು ದುಡ್ಡು ಎಣಿಸಿ ಕೊಡುವ ಮೊದಲೇ ಓದಿ. ನನ್ನ ಕೈಯಿಂದ ಹತ್ತಿರಹತ್ತಿರ ಮೂವತ್ತು ಸಾವಿರ ಹೋಯಿತು. ಕೊನೆಗೆ ರೋಗ ವಾಸಿಯಾಗಿದ್ದು ಒಂದು ಉಂಗುರದಂಥ ಸಣ್ಣ ಬುಷ್‌ನಿಂದ.

ನಮ್ಮದು ಸಿರುಗುಪ್ಪ ಕಡೆ ಎರೆ ಹೊಲ. ಎರೆ ಮಣ್ಣಿನ ಸಹವಾಸ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ತನಕ ತುಂಬಿ ಗಾಡಿ ಅಲ್ಲೇ ಕೂತುಬಿಡುತ್ತೆ. ಪ್ರತಿ ಸಲ ಟ್ರ್ಯಾಕ್ಟರ್‌ನವರನ್ನು ಕರೆದು ಎಳೆಸಿ ಸಾಕಾಗಿತ್ತು. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಗಾಡಿಯೇ ಬೇಕು ಅನ್ನಿಸಿತು. ಹೊಸದರ ರೇಟು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ಸಂಡೂರು ಕಡೆ ಗಣಿಯಲ್ಲಿ ಓಡಿದ ಗಾಡಿಗಳು ಆಗಾಗ ಮಾರಾಟಕ್ಕೆ ಬರುತ್ತಲೇ ಇರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆಗೆ ತಡೆ ಹಾಕಿದ ಕಾಲದವು ಈಗ ಆರ್‌ಸಿಯ ಹದಿನೈದು ವರ್ಷದ ಗಡಿಗೆ ಬಂದು ನಿಂತಿವೆ, ಅವುಗಳ ತಂಟೆಗೆ ಹೋಗಬೇಡಿ. ನಾನು ಕೊಂಡಿದ್ದು ಅದಕ್ಕಿಂತ ಈಚಿನದು. ಇಂಜಿನ್ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ.

ಮಾರಿದವನ ಯಾರ್ಡು ಊರ ಹೊರಗೆ, ಹೊಸಪೇಟೆ ರಸ್ತೆಯಲ್ಲಿತ್ತು. ನೆಲ ಪೂರ್ತಿ ಮೊರಂ. ಗಾಡಿ ತಿರುಗಿಸಿ ತೋರಿಸಿದ್ದೆಲ್ಲ ಆ ಮೊರಂ ಮೇಲೆ. ಆಮೇಲೆ ಟೆಸ್ಟ್ ಡ್ರೈವ್ ಅಂತ ಹೈವೇಗೆ ಕರೆದೊಯ್ದ, ಕುಡುತಿನಿ ಕಡೆ ನೇರ ರಸ್ತೆ. ವಾಪಸ್ ತಿರುಗುವಾಗ ಸ್ಟೇರಿಂಗ್ ತಾನೇ ಹಿಡಿದು, ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ಅಗಲವಾಗಿ ತಿರುಗಿಸಿಕೊಂಡು ಬಂದ. ಡಾಂಬರಿನ ಮೇಲೆ ಪೂರ್ತಿ ಕಟ್ ಮಾಡಿ ನಿಧಾನಕ್ಕೆ ತಿರುಗಿಸುವ ಸಂದರ್ಭವೇ ಬರದ ಹಾಗೆ ನೋಡಿಕೊಂಡ. ಅವನಿಗೆ ಗೊತ್ತಿತ್ತು ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ, ಮುಂದೆ ಬರುತ್ತೆ.

ಊರೊಳಗೆ ಬಂದ ಮೇಲೆ ಬಣ್ಣ ಬಯಲಾಯಿತು. ರಾಯಲ್ ಸರ್ಕಲ್ ಹತ್ತಿರ ಪಾರ್ಕಿಂಗ್‌ನಿಂದ ಗಾಡಿ ಹೊರಗೆ ತೆಗೆಯುತ್ತಿದ್ದೆ. ಸ್ಟೇರಿಂಗ್ ಕೊನೆ ತನಕ ತಿರುಗಿಸಿ, ಹಾಫ್ ಕ್ಲಚ್‌ನಲ್ಲಿ ನಿಧಾನಕ್ಕೆ ಬಿಟ್ಟೆ. ಗಾಡಿ ಎರಡು ಮಾರು ಹೋಗಿ ಬಿಗಿಯಾಯಿತು, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಇನ್ನೊಂದು ಚೂರು ಆಕ್ಸಿಲರೇಟರ್ ಕೊಟ್ಟೆ. ಮುಂದಿನ ಚಕ್ರ ಜಗ್ಗಿ ಟಪ್ ಅಂತ ಪಕ್ಕಕ್ಕೆ ಹಾರಿತು. ಬಾನೆಟ್ಟು ಅಲ್ಲಾಡಿತು. ಮತ್ತೆ ಬಿಗಿ, ಮತ್ತೆ ಟಪ್. ಕೆಳಗಿಳಿದು ನೋಡಿದರೆ ಸಿಮೆಂಟ್ ನೆಲದ ಮೇಲೆ ಕಪ್ಪು ಗೀರುಗಳು, ಗೇಣು ಗೇಣಿಗೆ ಒಂದೊಂದು. ಚಕ್ರ ಎಲ್ಲೆಲ್ಲಿ ಹಾರಿತ್ತೋ ಅಲ್ಲೆಲ್ಲ ರಬ್ಬರಿನ ಗುರುತು ಬಿಟ್ಟಿತ್ತು.

ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ, ಊರಲ್ಲಿ ಹೆಸರಿರುವ ದೊಡ್ಡ ಗ್ಯಾರೇಜೇ. ಮೊದಲು ಅಲೈನ್‌ಮೆಂಟ್ ಅಂದರು. ಮಾಡಿಸಿದೆ. ಹೋಗಲಿಲ್ಲ. ಅಲೈನ್‌ಮೆಂಟ್ ತಪ್ಪಿದ್ದರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರು ಅಂಚಿನಲ್ಲಿ ಸವೆಯುತ್ತೆ. ಹೀಗೆ ಜಗ್ಗಿ ಹಾರುವುದಕ್ಕೂ ಅದಕ್ಕೂ ನಂಟು ಕಡಿಮೆ. ಆಮೇಲೆ ಅಲ್ಲಿನ ಹುಡುಗ ಒಂದು ರೌಂಡ್ ಹೊಡೆದು ಬಂದು, "ಸಾರ್, ಆಕ್ಸಲ್ ಹೋಗೈತಿ. ಎರಡೂ ಕಡೆ ಹಾಕಿಸ್ಬೇಕು, ಒಂದು ಹಾಕಿದ್ರ ಇನ್ನೊಂದು ಹೋಗ್ತೈತಿ" ಅಂದ. ಎರಡೂ ಹಾಕಿದರು. ಚಕ್ರ ಹಾರುವುದು ಒಂದಿಷ್ಟೂ ಕಡಿಮೆ ಆಗಲಿಲ್ಲ. ಮತ್ತೆ ಹೋದರೆ ಪವರ್ ಸ್ಟೇರಿಂಗ್ ಪಂಪ್ ಅಂದರು, ಅದನ್ನೂ ಬಿಚ್ಚಿ ಸೀಲ್ ಕಿಟ್ ಹಾಕಿ ಬಿಲ್ ಕೊಟ್ಟರು. ಅದಾದ ಮೇಲೆ ಸ್ಟೇರಿಂಗ್ ರ‍್ಯಾಕೇ ಬದಲಾಯಿಸಬೇಕು ಅಂತ ಹೊಸ ಎಸ್ಟಿಮೇಟ್ ಬರೆದರು. ಅಲ್ಲಿಗೆ ಗಾಡಿ ತಗೊಂಡು ಬಂದೆ.

ಆಕ್ಸಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಮುಂದಿನ ಆಕ್ಸಲ್‌ನ ಚಕ್ರದ ಕಡೆ ತುದಿಯಲ್ಲಿ, ಚಕ್ರ ಓರೆಯಾದರೂ ಪವರ್ ಮುಟ್ಟಿಸುವ ಸಿವಿ ಜಾಯಿಂಟ್ ಇರುತ್ತೆ. ಒಳಗೆ ಗುಂಡುಗಳು, ಗ್ರೀಸು, ಮೇಲೆ ರಬ್ಬರ್ ಬೂಟು. ಬೂಟು ಹರಿದರೆ ಗ್ರೀಸು ಹೊರಗೆ ಚಿಮ್ಮುತ್ತೆ, ಧೂಳು ಒಳಗೆ ಹೋಗುತ್ತೆ, ಗುಂಡು ಓಡುವ ಜಾಗ ಸವೆಯುತ್ತೆ. ಆಗ ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಟಕ ಟಕ ಟಕ ಅಂತ ಸದ್ದು ಬರುತ್ತೆ. ಚಕ್ರ ಜೋರಾಗಿ ತಿರುಗಿದಷ್ಟೂ ಟಕಟಕವೂ ಜೋರು. ಡಾಂಬರಿರಲಿ ಮಣ್ಣಿರಲಿ, ಆ ಸದ್ದು ಬಿಡುವುದಿಲ್ಲ. ನನ್ನ ಗಾಡಿಯಲ್ಲಿ ಟಕಟಕ ಇರಲೇ ಇಲ್ಲ. ಬಿಚ್ಚುವಾಗ ನಾನು ಅಲ್ಲೇ ನಿಂತಿದ್ದೆ. ಎರಡೂ ಬೂಟು ಇಡಿಯಾಗಿದ್ದವು. ರಿಮ್ಮಿನ ಒಳಮೈ ಮೇಲೆ ಕೆಂಪು ಅದಿರಿನ ಧೂಳು ಬಿಟ್ಟರೆ ಒಂದು ಹನಿ ಗ್ರೀಸಿನ ಕಲೆ ಇರಲಿಲ್ಲ. ಕೇಳಿದ್ದಕ್ಕೆ "ಒಳಗ ಹೋಗಿರ್ತೈತಿ ಸಾರ್, ಮ್ಯಾಲೆ ಕಾಣಂಗಿಲ್ಲ" ಅಂದರು. ಹಳೆಯ ಆಕ್ಸಲ್ ಕೊಡಿ ಅಂದರೆ ಗುಜರಿಯವನು ಆಗಲೇ ಒಯ್ದಿದ್ದನಂತೆ. ಎಂಥಾ ಚುರುಕಿನ ಗುಜರಿಯವನು ನೋಡಿ.

ಕೌಲ್ ಬಜಾರ್ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ, ಗಣಿ ಗಾಡಿಗಳ ಕೆಲಸ ಮಾಡುತ್ತಲೇ ತಲೆ ಹಣ್ಣಾದವರು. ಪರಿಚಯದವರೊಬ್ಬರು ಅಲ್ಲಿಗೆ ಕಳಿಸಿದರು. ಯಜಮಾನರು ಗಾಡಿ ಮುಟ್ಟಲೇ ಇಲ್ಲ. ಕೂತಲ್ಲಿಂದಲೇ ಕೇಳಿದರು:

"ಹೊಲದಾಗೂ ಹಿಂಗ ಹಾರ್ತೈತೇನ್ರೀ?"

"ಇಲ್ಲ ಯಜಮಾನ್ರೇ, ಅಲ್ಲಿ ಬೆಣ್ಣೆ ಹಂಗೆ ತಿರುಗುತ್ತೆ. ಬರೀ ಡಾಂಬರಿನ ಮೇಲೆ, ಸಿಮೆಂಟಿನ ಮೇಲೆ."

"ಮತ್ತ ಆಕ್ಸಲ್ ಯಾಕ ಬಿಚ್ಚಿದ್ರು?"

ಇದೇ ಮಾತನ್ನು ನಾನು ಆ ಗ್ಯಾರೇಜಿನಲ್ಲೂ ಮೊದಲ ದಿನವೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ವಿಷಯ ಇಷ್ಟು. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಎರಡೂವರೆ ಮೀಟರ್ ಅಂತರ ಇದೆ ಅಂದುಕೊಳ್ಳಿ. ಮುಂದಿನ ಆಕ್ಸಲ್‌ನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು 4.3 ಮೀಟರಿನಲ್ಲಿ ತಿರುಗುತ್ತೆ. ಒಂದು ಪೂರ್ತಿ ಸುತ್ತಿಗೆ ಮುಂದಿನದು 31 ಮೀಟರ್ ದಾಟಿ ಓಡಬೇಕು, ಹಿಂದಿನದಕ್ಕೆ 27 ಸಾಕು. ನಾಲ್ಕು ಮೀಟರ್ ವ್ಯತ್ಯಾಸ ಅಂದರೆ ಜೀಪಿನ ಚಕ್ರಕ್ಕೆ ಹೆಚ್ಚುಕಡಿಮೆ ಎರಡು ಸುತ್ತು ಜಾಸ್ತಿ.

ಗಾಡಿ ಟೂ ವೀಲ್ ಡ್ರೈವ್‌ನಲ್ಲಿ ಇದ್ದಾಗ ಇದೇನೂ ತೊಂದರೆಯಲ್ಲ, ಮುಂದಿನವು ತಮ್ಮ ಪಾಡಿಗೆ ಉರುಳಿಕೊಳ್ಳುತ್ತವೆ. ಲಿವರ್ ಎಳೆದು ಫೋರ್ ವೀಲ್‌ಗೆ ಹಾಕುವ ಹಳೇ ಮಾದರಿ ಗಾಡಿಗಳಲ್ಲಿ, ಇಂಜಿನ್ ಪವರನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸು ಮುಂದಿನ, ಹಿಂದಿನ ಆಕ್ಸಲಿಗೆ ಪವರ್ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟನ್ನು ಒಂದಕ್ಕೊಂದು ಬಿಗಿದುಬಿಡುತ್ತೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆ ಎರಡು ಸುತ್ತಿನ ವ್ಯತ್ಯಾಸ ಎಲ್ಲಾದರೂ ತೀರಬೇಕಲ್ಲ? ಮಣ್ಣು, ಮೊರಂ, ಕೆಸರಿನ ಮೇಲೆ ಟೈರು ಜಾರಿ ತೀರಿಸುತ್ತೆ, ನಮಗೆ ಗೊತ್ತೂ ಆಗುವುದಿಲ್ಲ. ಡಾಂಬರಿನ ಮೇಲೆ ಟೈರು ಜಾರುವುದಿಲ್ಲ. ಶಾಫ್ಟು, ಗೇರು, ಚೈನು ಎಲ್ಲ ಬಿಗಿಯಾಗುತ್ತಾ ಹೋಗಿ, ತಡೆಯಲಾರದ ಹಂತದಲ್ಲಿ ಚಕ್ರ ಟಪ್ ಅಂತ ಹಾರಿ ಬಿಗಿ ಸಡಿಲ ಮಾಡಿಕೊಳ್ಳುತ್ತೆ. ನನ್ನ ಗಾಡಿ ಅಷ್ಟು ದಿನವೂ ಫೋರ್ ವೀಲ್‌ನಲ್ಲೇ ಓಡುತ್ತಿತ್ತು. ಲಿವರ್ ಮಾತ್ರ ಟೂ ವೀಲ್ ಅಂತ ತೋರಿಸುತ್ತಿತ್ತು.

ಯಜಮಾನರು ಅದನ್ನು ಖಚಿತ ಮಾಡಿದ ರೀತಿ ನೋಡಿಕೊಳ್ಳಿ, ನೀವೂ ಮಾಡಬಹುದು. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ಡ್ರೈವ್ ಲಿವರ್ ಟೂ ವೀಲ್‌ನಲ್ಲಿರಲಿ. ಮುಂದಿನ ಒಂದೇ ಒಂದು ಚಕ್ರ ಜಾಕಿಯಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ, ಜಾಕಿ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಈಗ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ. ನಿಜವಾಗಲೂ ಟೂ ವೀಲ್‌ನಲ್ಲಿದ್ದರೆ ಸ್ವಲ್ಪ ಬಿಗಿ ಇದ್ದರೂ ಸುತ್ತಬೇಕು. ನನ್ನದು ಒಂದು ಬೆರಳಷ್ಟು ಆಡಿ ಕಟ್ ಅಂತ ನಿಂತಿತು. ಮುಂದಿನ ಶಾಫ್ಟು ಹಿಂದಿನದಕ್ಕೆ ಕಚ್ಚಿಕೊಂಡಿದೆ, ಹಿಂದಿನದು ನೆಲಕ್ಕೆ ಕಚ್ಚಿದೆ, ಚಕ್ರ ತಿರುಗುವುದಾದರೂ ಹೇಗೆ? ಒಂದು ಮಾತು, ಮುಂದಿನ ಹಿಂದಿನ ಶಾಫ್ಟು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇರುವ, ಯಾವಾಗಲೂ ನಾಲ್ಕೂ ಚಕ್ರ ಓಡುವ ಗಾಡಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಕೆಳಗೆ ಮಲಗಿ ನೋಡಿದಾಗ ಕಾರಣ ಸಿಕ್ಕಿತು. ಲಿವರಿನಿಂದ ಟ್ರಾನ್ಸ್‌ಫರ್ ಕೇಸಿಗೆ ಹೋಗುವ ರಾಡಿನ ತುದಿಯಲ್ಲಿ ಒಂದು ಬುಷ್ ಇರುತ್ತೆ. ಅದು ಸವೆದು ಹೋಗಿ ಬರೀ ತೂತು ಉಳಿದಿತ್ತು. ಅದರ ಸುತ್ತ ಎಣ್ಣೆ ಜಿಡ್ಡಿಗೆ ಅದಿರಿನ ಧೂಳು ಕೂಡಿ ಇಟ್ಟಿಗೆ ಥರ ಗಟ್ಟಿಯಾಗಿ ಕೂತಿತ್ತು, ಸ್ಕ್ರೂ ಡ್ರೈವರಿನಿಂದ ಕೆತ್ತಿ ತೆಗೆಯಬೇಕಾಯಿತು. ಮೇಲೆ ಲಿವರ್ ಪೂರ್ತಿ ಬಂದರೂ ಕೆಳಗೆ ರಾಡು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ಹಾಗಾದರೆ ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ದೀಪ ಯಾಕೆ ಉರಿಯಲಿಲ್ಲ? ಯಜಮಾನರಿಗೂ ಅದೇ ಅನುಮಾನ. ಮೀಟರ್ ಬಿಚ್ಚಿಸಿದರು. ಬಲ್ಬು ಸುಟ್ಟಿರಲಿಲ್ಲ. ಬಲ್ಬೇ ಇರಲಿಲ್ಲ. ಅಕ್ಕಪಕ್ಕದ ಎಲ್ಲ ದೀಪಕ್ಕೂ ಬಲ್ಬಿದೆ, ಅದೊಂದು ಮಾತ್ರ ಖಾಲಿ. ಮಾರಿದವನಿಗೆ ಫೋನ್ ಮಾಡಿದರೆ, "ಅಣ್ಣಾ, ಗಾಡಿ ನೋಡೇ ತಗೊಂಡೀರಿ, ಈಗ ಕೇಳಿದ್ರ ಹೆಂಗ?" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ಬುಷ್ ಹಾಕಿ, ರಾಡು ತೊಳೆದು ಗ್ರೀಸ್ ಮಾಡಿ, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬದಲಾಯಿಸಿದರು. ಹಳೇ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಒಳಗಿನ ಚೈನು ಎಷ್ಟು ಜಗ್ಗಿದೆಯೋ ಬಿಚ್ಚಿದಾಗಲೇ ಗೊತ್ತಾಗುವುದು, ಸದ್ಯಕ್ಕೆ ಸದ್ದಿಲ್ಲ. ಮುಂದಿನ ಎರಡು ಟೈರು ಅಂಚಿನಲ್ಲಿ ಗರಗಸದ ಹಾಗೆ ತಿಂದುಹೋಗಿವೆ, ಅವು ಬದಲಾಗಲೇಬೇಕು. ಬದಲಾಯಿಸುವಾಗ ನಾಲ್ಕೂ ಒಂದೇ ಸೈಜು, ಹತ್ತಿರಹತ್ತಿರ ಒಂದೇ ಸವಕಳಿ ಇರಬೇಕಂತೆ. ಮುಂದೆ ಹೊಸದು, ಹಿಂದೆ ಬೋಳು ಅಂತ ಹಾಕಿ ಫೋರ್ ವೀಲ್‌ಗೆ ತಳ್ಳಿದರೆ ನೇರ ರಸ್ತೆಯಲ್ಲೂ ಇದೇ ಬಿಗಿತ ಶುರುವಾಗುತ್ತೆ.

ಕೊಳ್ಳಲು ಹೋಗುವವರು ಹೀಗೆ ಮಾಡಿ. ಡಾಂಬರು ಅಥವಾ ಸಿಮೆಂಟಿನ ಮೇಲೆ, ಪೂರ್ತಿ ಕಟ್ ಮಾಡಿ, ನಡಿಗೆಯ ವೇಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸುತ್ತು ಹೊಡೆಯಿರಿ. ಸುತ್ತಿನ ಮಧ್ಯೆ ಕ್ಲಚ್ ಒತ್ತಿ. ಸಾಮಾನ್ಯ ಗಾಡಿ ಸ್ವಲ್ಪ ದೂರ ಉರುಳುತ್ತೆ, ಕಚ್ಚಿಕೊಂಡಿರುವ ಗಾಡಿ ಬ್ರೇಕ್ ಹಾಕಿದ ಹಾಗೆ ನಿಂತುಬಿಡುತ್ತೆ. ಆಮೇಲೆ ಮಣ್ಣಿಗೆ ಇಳಿಸಿ ಲಿವರ್ ಫೋರ್ ವೀಲ್‌ಗೆ ಹಾಕಿ. ದೀಪ ಹತ್ತಬೇಕು. ವಾಪಸ್ ಟೂ ವೀಲ್‌ಗೆ ಹಾಕಿದರೆ ಆರಬೇಕು. ತಕ್ಷಣ ಆರದಿದ್ದರೆ ನೇರವಾಗಿ ನಾಲ್ಕಾರು ಮೀಟರ್ ರಿವರ್ಸ್ ಹೋಗಿ, ಒಳಗಿನ ಬಿಗಿ ಸಡಿಲಾಗಿ ಬಿಟ್ಟುಕೊಳ್ಳುತ್ತೆ. ದೀಪ ಹತ್ತುವುದೇ ಇಲ್ಲ ಅಂದರೆ "ಬಲ್ಬ್ ಹೋಗಿದೆ ಅಷ್ಟೇ" ಅನ್ನುವ ಮಾತು ನಂಬಬೇಡಿ, ಅವನೇ ಬಲ್ಬ್ ಹಾಕಿ ತೋರಿಸಲಿ.

ಫೋರ್ ವೀಲ್ ಅಲ್ಲದ ಮಾಮೂಲಿ ಕಾರಿನವರಿಗೂ ಎರಡು ಮಾತು. ಗಾಡಿ ನಿಂತಲ್ಲೇ ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿದಾಗ ಸ್ಪ್ರಿಂಗ್ ಟಂಯ್ ಅಂತ ಜಿಗಿದರೆ ಮುಂದಿನ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ಬೇರಿಂಗ್ ನೋಡಿಸಿ. ದೊಡ್ಡ ಅಲಾಯ್, ಅಗಲ ಟೈರು ಹಾಕಿಸಿದ ಮೇಲೆ ಚಕ್ರ ಹಾರುವುದು ಶುರುವಾಗಿದ್ದರೆ ಹಳೇ ಸೈಜು ಹಾಕಿ ನೋಡಿ. ಅಗಲ ಟೈರಿನ ಕೆಲವು ಕಾರುಗಳು ಚಳಿಯಲ್ಲಿ ರಬ್ಬರ್ ಗಟ್ಟಿಯಾಗಿ, ಪೂರ್ತಿ ಕಟ್ ಮಾಡಿದಾಗ ಏನೂ ದೋಷ ಇಲ್ಲದೆಯೂ ಹೀಗೆ ಹಾರುವುದುಂಟು. ಬೇಸಿಗೆ ಮತ್ತು ಬಿರುಬೇಸಿಗೆ ಎರಡೇ ಕಾಲ ಇರುವ ನಮ್ಮ ಬಳ್ಳಾರಿಯಲ್ಲಿ ಯಾರಾದರೂ ಆ ಕಾರಣ ಹೇಳಿದರೆ ನಕ್ಕು ಎದ್ದು ಬನ್ನಿ.

ಗ್ಯಾರೇಜಿಗೆ ಮತ್ತೆ ಹೋಗಿದ್ದೆ. "ಪಾರ್ಟ್ಸ್ ಹೊಸದು ಹಾಕೀವಿ, ಮೋಸ ಎಲ್ಲೈತ್ರಿ?" ಅಂದರು. ಪಕ್ಕಾ ಬಿಲ್ ಕೇಳಿ ಪಡೆದುಕೊಂಡೆ, ಅದರ ಮೇಲೆ ಚಕ್ರ ಹಾರುವ ದೂರಿಗೆ ಮಾಡಿದ ಕೆಲಸ ಅಂತ ಬರೆಸಿದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ನನ್ನ ದೂರಿನ ಜೊತೆ ಯಜಮಾನರು ತೆಗೆದುಕೊಟ್ಟ ಆ ಸವೆದ ಬುಷ್, ಬಲ್ಬಿಲ್ಲದ ಮೀಟರಿನ ಫೋಟೊ ಎರಡೂ ಹೋಗುತ್ತವೆ. ಇದೇ ಯಾರ್ಡಿನಿಂದ ಗಾಡಿ ಕೊಂಡು ಇದೇ ಕಾಟ ಅನುಭವಿಸಿದವರು ಇದ್ದರೆ ನಿಮ್ಮ ಡ್ಯಾಶ್‌ಬೋರ್ಡನ್ನೂ ಒಮ್ಮೆ ಬಿಚ್ಚಿಸಿ ನೋಡಿ.