ಒಂದನೇ ತರಗತಿಯ ಕಾಗುಣಿತಕ್ಕೆ ಕಲ್ಲುಪಾಟಿಯೋ, ಗುಂಡಿ ಒತ್ತಿದರೆ ಅಳಿಯುವ ಪಾಟಿಯೋ?

ಕಳೆದ ಜೂನ್‌ನಲ್ಲಿ ನಮ್ಮ ಮಗ ಬೆಳಗಾವಿಯ ಸರ್ಕಾರಿ ಕನ್ನಡ ಶಾಲೆಯ ಒಂದನೇ ತರಗತಿಗೆ ಸೇರಿದ. ಆ ಉತ್ಸಾಹದಲ್ಲಿ ನಾನು ಖಡೇಬಜಾರಿಗೆ ಹೋಗಿ, 240 ರೂಪಾಯಿ ಕೊಟ್ಟು, ಬೆರಳಿನಿಂದ ಒತ್ತಿದರೂ ಬರೆಯುವ, ಗುಂಡಿ ಅದುಮಿದರೆ ಅಳಿಯುವ ಎಲ್‌ಸಿಡಿ ಪಾಟಿಯೊಂದನ್ನು ತಂದೆ. ಗಣಪತಿ ಹಬ್ಬದ ಹೊತ್ತಿಗೆ ಅದನ್ನು ಬದಿಗಿಟ್ಟು, ಕಟ್ಟಿಗೆ ಚೌಕಟ್ಟಿನ 70 ರೂಪಾಯಿಯ ಕಲ್ಲುಪಾಟಿಯನ್ನು ಕೊಂಡೆ. ಇವೆರಡರ ನಡುವೆ ಎರಡು ಗೆರೆಯ ನೋಟ್‌ಬುಕ್ಕನ್ನೂ ಪ್ರಯೋಗಿಸಿ ನೋಡಿದ್ದಾಯಿತು. ನನ್ನ ಒಲವು ಕಲ್ಲುಪಾಟಿಯ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಒಲವಿಗೆ ಹಳೆಯದರ ಮೇಲಿನ ಮೋಹಕ್ಕಿಂತ ಕನ್ನಡ ಅಕ್ಷರಗಳ ರಚನೆಯೇ ಹೆಚ್ಚಿನ ಕಾರಣ.

ಮಗನ ತರಗತಿ ನಲಿ-ಕಲಿ ಪದ್ಧತಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಮಗು ಮೊದಲು ಕಲಿಯುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂದು ಮಗು ಪದಗಳನ್ನೇ ಓದತೊಡಗುತ್ತದೆ. ವರ್ಣಮಾಲೆಯನ್ನು ಬಾಯಿಪಾಠ ಮಾಡಿಸಿಯೇ ನಮ್ಮನ್ನು ಬೆಳೆಸಿದ ನಮ್ಮ ತಾಯಿಯವರಿಗೆ ಈ ಕ್ರಮ ಇಂದಿಗೂ ಒಗ್ಗಿಲ್ಲ, ಆದರೆ ಮೊಮ್ಮಗ ಎರಡನೆಯ ತಿಂಗಳಿನಲ್ಲಿಯೇ ಅಂಗಡಿಯ ಫಲಕದಲ್ಲಿ ‘ಸರ’ವನ್ನು ಗುರುತಿಸಿದ ದಿನ ಅವರೇ ಎಲ್ಲರಿಗಿಂತ ಹೆಚ್ಚು ಹಿಗ್ಗಿದರು.

ಈ ಹಂತದವರೆಗೆ ಎಲ್‌ಸಿಡಿ ಪಾಟಿಯ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ. ಬಳಪದ ಧೂಳಿಲ್ಲ, ಒಡೆಯುವ ಭಯವಿಲ್ಲ, ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ತಿದ್ದಿಸಿ ಅಳಿಸುವುದಕ್ಕೆ ಅದು ಬಲು ಅನುಕೂಲವಾಗಿತ್ತು. ತೊಂದರೆ ಶುರುವಾದದ್ದು ಸ್ವರಚಿಹ್ನೆಗಳು ಬಂದಾಗ.

ಕನ್ನಡದಲ್ಲಿ 34 ವ್ಯಂಜನಗಳಿಗೆ ತಲಾ 15ರಂತೆ ಗುಣಿತಾಕ್ಷರಗಳನ್ನು ಎಣಿಸಿದರೆ 510 ಆಗುತ್ತವೆ. ಇಷ್ಟನ್ನೂ ಮಗು ಬಿಡಿಬಿಡಿಯಾಗಿ ಕಲಿಯಬೇಕಾದೀತೆಂದು ಯಾರಾದರೂ ಹೆದರಬಹುದು, ಆದರೆ ಕಾಗುಣಿತದ ಸೊಗಸಿರುವುದು ಅಕ್ಷರದ ಒಡಲು ಹಾಗೆಯೇ ಉಳಿದು ತಲೆಯೋ ಬಾಲವೋ ಮಾತ್ರ ಬದಲಾಗುವುದರಲ್ಲಿ. ‘ಗ’ದ ತಲಕಟ್ಟನ್ನು ತೆಗೆದು ಗುಡಿಸು ಹಾಕಿದರೆ ‘ಗಿ’, ಅದಕ್ಕೊಂದು ದೀರ್ಘ ಕೊಟ್ಟರೆ ‘ಗೀ’, ತಲಕಟ್ಟನ್ನು ಇದ್ದಂತೆಯೇ ಬಿಟ್ಟು ಕೊಂಬು ಕೊಟ್ಟರೆ ‘ಗು’. ಕಲ್ಲುಪಾಟಿಯಲ್ಲಿ ಮಗು ಒದ್ದೆ ಬೆರಳಿನಿಂದ ತಲಕಟ್ಟನ್ನಷ್ಟೇ ಒರೆಸಿ, ಅದೇ ಜಾಗದಲ್ಲಿ ಗುಡಿಸನ್ನು ಕೂರಿಸುತ್ತದೆ. ಏನು ಬದಲಾಯಿತು, ಏನು ಉಳಿಯಿತು ಎಂಬುದು ಅದರ ಕಣ್ಣೆದುರೇ ನಡೆಯುತ್ತದೆ.

ನಾನು ಕೊಂಡ ಎಲ್‌ಸಿಡಿ ಪಾಟಿಯಲ್ಲಿ ಇದು ಸಾಧ್ಯವೇ ಇಲ್ಲ. ಅದರಲ್ಲಿ ಕಡ್ಡಿಯ ಒತ್ತಡಕ್ಕೆ ದ್ರವಸ್ಫಟಿಕದ ಪದರ ಬೆಳಕನ್ನು ಪ್ರತಿಫಲಿಸುವಂತಾಗಿ ಗೆರೆ ಮೂಡುತ್ತದೆ. ಬರೆಯುವುದಕ್ಕೆ ವಿದ್ಯುತ್ತು ಬೇಕಿಲ್ಲ, ಗುಂಡಿ ಒತ್ತಿದಾಗ ಮಾತ್ರ ಒಳಗಿನ ಸಣ್ಣ ಸೆಲ್ಲು ಇಡೀ ಪರದೆಗೆ ಒಮ್ಮೆ ವಿದ್ಯುತ್ತು ಹರಿಸಿ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ. ಎಂದರೆ ‘ಗ’ದಿಂದ ‘ಗೌ’ವರೆಗೆ ಬರೆದು, ಕೊನೆಯಲ್ಲಿ ‘ಗಂ’ ಬರೆಯುವಾಗ ಸೊನ್ನೆ ಸೊಟ್ಟಗಾದರೆ, ಸೊನ್ನೆಯ ಜೊತೆಗೆ ಇಡೀ ಸಾಲೂ ಹೋಗಬೇಕು. ಆರು ವರ್ಷದ ಹುಡುಗನಿಗೆ ಗುಂಡಿ ಒತ್ತುವುದೇ ಒಂದು ಆಟವಾಗಿಬಿಟ್ಟಿತು. ತಪ್ಪಾದರೆ ತಿದ್ದಬೇಕೆಂಬುದು ಮರೆತು, ತಪ್ಪಾದರೆ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕೆಂಬ ಚಟ ಅವನಿಗೆ ಹತ್ತಿತು. ಪ್ರತಿ ಸಲವೂ ಮೊದಲ ನಾಲ್ಕು ಅಕ್ಷರಗಳನ್ನೇ ಬರೆಯುತ್ತಿದ್ದುದರಿಂದ ‘ಗ ಗಾ ಗಿ ಗೀ’ ಮುತ್ತಿನಂತಾದವು, ‘ಗೊ ಗೋ ಗೌ’ಗಳ ಕಡೆಗೆ ಅವನು ತಲುಪುವುದೇ ಅಪರೂಪವಾಯಿತು. ‘ಒಂದ ಅಕ್ಷರ ತಪ್ಪಿದ್ದಕ್ಕ ಎಲ್ಲಾ ಯಾಕ ಅಳಸ್ತೀಯೋ ತಮ್ಮಾ?’ ಎಂದು ನಮ್ಮ ತಾಯಿಯವರು ಒಂದು ಸಂಜೆ ಕೇಳುವವರೆಗೆ, ಪಕ್ಕದಲ್ಲಿಯೇ ಕುಳಿತಿರುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

ಹೋಲುವ ಅಕ್ಷರಗಳ ವಿಷಯದಲ್ಲಿಯೂ ಇದೇ ಕಥೆ. ‘ಪ’ವನ್ನು ಬರೆದು, ಅದರ ಹೊಟ್ಟೆ ಸೀಳಿ ‘ಷ’ ಮಾಡಿ, ಸೀಳಿದ ಗೆರೆಯನ್ನು ಒರೆಸಿ ಮತ್ತೆ ‘ಪ’ ಮಾಡಿ ತೋರಿಸುವುದು ಕಲ್ಲುಪಾಟಿಯಲ್ಲಿ ಕ್ಷಣದ ಕೆಲಸ. ‘ದ’ ಮತ್ತು ‘ಧ’ಗಳಿಗೂ ಅಷ್ಟೇ.

ಎಲ್‌ಸಿಡಿ ಪಾಟಿಗೆ ಸ್ವಂತ ಬೆಳಕಿಲ್ಲದ್ದರಿಂದ ಕರೆಂಟು ಹೋದ ಸಂಜೆಗಳಲ್ಲಿ ಗೆರೆಗಳು ಕಾಣುವುದಿಲ್ಲ. ಬರೆಯುವಾಗ ಅಂಗೈ ಊರಿದಲ್ಲೆಲ್ಲ ಕಲೆ ಮೂಡುತ್ತದೆ. ಸೆಲ್ಲು ಮುಗಿದ ಮೇಲಂತೂ ಬರೆದದ್ದು ಅಳಿಯದೆ, ‘ರವಿ ಬಂದ’ ಎಂಬ ಸಾಲು ನಾಲ್ಕು ದಿನ ನಮ್ಮ ಮನೆಯಲ್ಲಿಯೇ ಉಳಿದುಕೊಂಡಿತ್ತು. ಹೊಸ ಸೆಲ್ಲು ಹಾಕಿದ ಬಳಿಕ ಮುಚ್ಚಳದ ತಿರುಪನ್ನು ಬಿಗಿ ಮಾಡುವುದನ್ನು ಮಾತ್ರ ಯಾರೂ ಮರೆಯಬಾರದು. ಸಣ್ಣ ಮಕ್ಕಳು ಅಂಥ ಸೆಲ್ಲನ್ನು ನುಂಗಿದರೆ ಅಪಾಯ.

ನೋಟ್‌ಬುಕ್ಕಿನ ಬಗ್ಗೆ ಹೇಳುವುದು ಕಡಿಮೆ. ಮೊದಲ ತಿಂಗಳುಗಳಲ್ಲಿ ಅದು ಬೇಡ: ಪೆನ್ಸಿಲ್ಲನ್ನು ಗಟ್ಟಿಯಾಗಿ ಊರುವ ಕೈ, ರಬ್ಬರಿನಿಂದ ಅದಕ್ಕಿಂತ ಗಟ್ಟಿಯಾಗಿ ಉಜ್ಜಿ ಹಾಳೆಯನ್ನೇ ಹರಿಯುತ್ತದೆ. ದೀಪಾವಳಿಯ ನಂತರ ಮಾತ್ರ ಅದಿಲ್ಲದೆ ನಡೆಯದು, ಏಕೆಂದರೆ ಗೆರೆಗಳ ನಡುವೆ ಅಕ್ಷರದ ಗಾತ್ರವನ್ನು ಹಿಡಿತದಲ್ಲಿಡುವುದನ್ನು ಕಲ್ಲುಪಾಟಿ ಕಲಿಸುವುದಿಲ್ಲ, ಮಗು ಎಷ್ಟು ಮುಂದೆ ಬಂದಿದೆ ಎಂಬುದಕ್ಕೆ ಪುರಾವೆಯನ್ನೂ ಉಳಿಸುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಒಂದನೇ ತರಗತಿಯ ಕೊನೆಗೆ ಇಟ್ಟಿರುವ ಗುರಿ, ನಾಲ್ಕೈದು ಸರಳ ಪದಗಳ ಅಪರಿಚಿತ ವಾಕ್ಯವನ್ನು ಓದುವುದು ಮತ್ತು 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯುವುದು. ಮಗ ಆ ಗುರಿಯ ಹತ್ತಿರ ಬಂದದ್ದನ್ನು ನಾನು ಕಂಡುಕೊಂಡದ್ದು ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವಿದಾಗಲೇ. ಅಂಕಿಗಳಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ.

ಕಲ್ಲುಪಾಟಿಗೂ ದೋಷಗಳಿವೆ. ನಮ್ಮದು ಆರು ವಾರಗಳಲ್ಲಿ ಕೈಜಾರಿ ಮೂಲೆ ಒಡೆದುಕೊಂಡಿತು. ಉಗುಳು ಹಚ್ಚಿ ಒರೆಸುವ ಅಭ್ಯಾಸವನ್ನು ಬಿಡಿಸಲು ಒದ್ದೆ ಬಟ್ಟೆಯ ತುಂಡೊಂದನ್ನು ಚೌಕಟ್ಟಿಗೆ ದಾರದಿಂದ ಕಟ್ಟಬೇಕಾಯಿತು. ಭಾರವೂ ಹೆಚ್ಚು, ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಪಾಟಿಚೀಲ 2 ಕಿಲೋ ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿಯೇ ಆದೇಶಿಸಿರುವಾಗ ಅದನ್ನು ನಿತ್ಯ ಶಾಲೆಗೆ ಹೊರಿಸುವುದು ಸರಿಯಲ್ಲ. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ ಇರುವುದರಿಂದ ಅದರ ಅಗತ್ಯವೂ ಇಲ್ಲ. ನಮ್ಮ ಕಲ್ಲುಪಾಟಿ ಮನೆ ಬಿಟ್ಟು ಹೊರಗೆ ಹೋಗುವುದು ಕಟ್ಟೆಯವರೆಗೆ ಮಾತ್ರ. ಅಲ್ಲಿ ಮರಾಠಿ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗಿಯೂ ಬಂದು ಕೂರುತ್ತಾಳೆ. ‘ಪಾಟಿ’ ಎಂಬ ಮಾತು ಇಬ್ಬರ ಭಾಷೆಯಲ್ಲಿಯೂ ಒಂದೇ ಆದ್ದರಿಂದ ಜಗಳಕ್ಕೆ ಅನುವಾದ ಬೇಕಾಗುವುದಿಲ್ಲ. ಅವಳನ್ನು ನೋಡಿ ನಮ್ಮವನು ಕೆಲವು ದಿನ ಕನ್ನಡ ಅಕ್ಷರಗಳ ನೆತ್ತಿಯ ಮೇಲೂ ಉದ್ದಗೆರೆ ಎಳೆದ. ಅದನ್ನೂ ಒದ್ದೆ ಬಟ್ಟೆಯಿಂದ ಒರೆಸಿದ್ದಾಯಿತು, ಕೆಳಗಿನ ಅಕ್ಷರಗಳು ಕೆಡಲಿಲ್ಲ.

ನಾವಿಬ್ಬರೂ ದುಡಿಯುವವರು, ಸಂಜೆ ಮಗನ ಜೊತೆ ಕೂರಲು ನಮಗೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಒಂದು ಸಾಲು ಕಾಗುಣಿತ ಕೊನೆಮುಟ್ಟಬೇಕೆನ್ನುವ ನನಗೆ ಕಲ್ಲುಪಾಟಿಯೇ ಸರಿ. ಒಡೆದರೆ ಇನ್ನೊಂದನ್ನು ತಂದರೂ ಖರ್ಚು 140 ರೂಪಾಯಿಯನ್ನು ದಾಟುವುದಿಲ್ಲ. ಹೆಚ್ಚಾಗಿ ಪ್ರಯಾಣದಲ್ಲಿಯೇ ಇರುವ ಮನೆಯವರಿಗೆ, ಅಥವಾ ಬಳಪದ ಧೂಳಿಗೆ ಕೆಮ್ಮುವ ಮಕ್ಕಳಿಗೆ, ಎಲ್‌ಸಿಡಿ ಪಾಟಿಯೇ ಅನಿವಾರ್ಯವಾಗಬಹುದು. ನಮ್ಮದು ಈಗ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದೆ. ಶನಿವಾರದ ಸಂತೆಯ ಪಟ್ಟಿಯನ್ನು ಅದರಲ್ಲಿ ಬರೆಯುತ್ತೇವೆ. ಸಂತೆ ಮುಗಿಸಿ ಬಂದ ಮೇಲೆ ಎಲ್ಲವನ್ನೂ ಒಮ್ಮೆಗೇ ಅಳಿಸುವುದು ಮಗನ ಪಾಲಿನ ಕೆಲಸ.