ಎಳೆ ಹೆಣ್ಣು ಹಂದಿಗಳಲ್ಲಿ ಬೆದೆಯ ಲಕ್ಷಣ ಕಂಡರೆ ಮೊದಲು ಜೋಳ ಪರೀಕ್ಷಿಸಿ

ಹಂದಿ ಸಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದೇ ಒಂದು ಲೋಡು ಮೆಕ್ಕೆಜೋಳದಿಂದ ನಮಗಾದ ನಷ್ಟ ಇನ್ನೂ ತುಂಬಿಲ್ಲ.

ಜೋಳ ನೋಡೋಕೆ ಚೆನ್ನಾಗಿಯೇ ಇತ್ತು. ಮುಗ್ಗಲು ವಾಸನೆ ಇರಲಿಲ್ಲ, ಬೂಷ್ಟೂ ಕಾಣಲಿಲ್ಲ. ಮೊದಲು ಬೆಳೆಯುವ ಹಂದಿಗಳು ಆಹಾರ ಮೂಸಿ, ಸ್ವಲ್ಪ ತಿಂದು ಬಿಡತೊಡಗಿದವು. ಜ್ವರವಿಲ್ಲ, ಭೇದಿಯಿಲ್ಲ, ತೂಕ ಮಾತ್ರ ಏರಲಿಲ್ಲ. ಆಮೇಲೆ ಮೂರು ತಿಂಗಳೂ ತುಂಬದ ಹೆಣ್ಣು ಮರಿಗಳ ಯೋನಿ ಕೆಂಪಾಗಿ ಊದಿಕೊಂಡಿತು, ಮೊಲೆಗಳೂ ಉಬ್ಬಿದವು. ಹೆಣ್ಣು ಹಂದಿ ಬೆದೆಗೆ ಬರುವುದು ಸುಮಾರು ಆರು ತಿಂಗಳಿಗೆ ಅಲ್ವಾ? ಒಂದು ಮರಿಗಂತೂ ತಿಣುಕಿ ತಿಣುಕಿ ಗುದವೇ ಹೊರಬಂತು. ಅದನ್ನು ನೋಡಿ ತುಂಬಾ ಸಂಕಟವಾಯಿತು.

ದೊಡ್ಡ ಹಂದಿಗಳ ಕಥೆ ಬೇರೆ. 21 ದಿನಕ್ಕೆ ಬೆದೆ ಮರಳಲಿಲ್ಲ ಅಂದರೆ ಗಬ್ಬ ನಿಂತಿದೆ ಅಂತ ಲೆಕ್ಕ ಹಾಕುತ್ತೇವೆ. ಸ್ಕ್ಯಾನ್ ಮಾಡಿಸಿದರೆ ಕೆಲವು ಹಂದಿಗಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಿಜವಾಗಿ ಗಬ್ಬವಾಗಿದ್ದವು ಹಾಕಿದ ಮರಿಗಳೂ ಕಡಿಮೆ.

ಪಶುವೈದ್ಯರು ಜೋಳವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಜಿಯರಾಲೆನೋನ್, ವೊಮಿಟಾಕ್ಸಿನ್ ಎಂಬ ಎರಡು ವಿಷಗಳೂ ಜಾಸ್ತಿ ಇದ್ದವು. ಎರಡನ್ನೂ ಮಾಡುವುದು ಫ್ಯುಸೇರಿಯಂ ಎಂಬ ಬೂಷ್ಟು. ಅದು ಹೊಲದಲ್ಲೇ, ತೆನೆಯಲ್ಲಿರುವಾಗಲೇ ಹತ್ತಿಕೊಳ್ಳುತ್ತದೆ. ಕಾಳು ಒಣಗಿದಾಗ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ವಿಷ ಉಳಿಯುತ್ತದೆ. ವೊಮಿಟಾಕ್ಸಿನ್ ಹಂದಿಯ ಹಸಿವು ಕೆಡಿಸುತ್ತದೆ. ಜಿಯರಾಲೆನೋನ್ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಮರಿಗಳ ಊತಕ್ಕೂ ದೊಡ್ಡವುಗಳ ಸುಳ್ಳು ಗಬ್ಬಕ್ಕೂ ಅದೇ ಕಾರಣ. ಯುರೋಪಿನ ಒಕ್ಕೂಟ 2006ರಲ್ಲಿ ಕೊಟ್ಟ ಸಲಹೆಯಂತೆ ಮರಿಗಳ ಮತ್ತು ಎಳೆ ಹೆಣ್ಣು ಹಂದಿಗಳ ಆಹಾರದಲ್ಲಿ ಇದು ಕಿಲೋಗೆ 0.1 ಮಿಲಿಗ್ರಾಂ ದಾಟಬಾರದು. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಎಲ್ಲಿ ಕಾಣಬೇಕು?

ಬೇಯಿಸಿ ಹಾಕಿದರೆ ಸರಿಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಮನೆಯ ಒಲೆಯ ಕಾವಿಗೆ ಈ ವಿಷ ಜಗ್ಗುವುದಿಲ್ಲ. ವಿಷ ಹಿಡಿಯಲಿ ಅಂತ ಆಹಾರಕ್ಕೆ ಬೆರೆಸುವ ಬೆಂಟೊನೈಟ್ ಜೇಡಿಯ ಪುಡಿಗೂ ಸುಮ್ನೆ ದುಡ್ಡು ಸುರಿಯಬೇಡಿ. ಅದು ಅಫ್ಲಾಟಾಕ್ಸಿನ್ ಎಂಬ ಬೇರೊಂದು ಬೂಷ್ಟಿನ ವಿಷವನ್ನು ಚೆನ್ನಾಗಿ ಹಿಡಿಯುತ್ತದೆ, ಈ ಎರಡರ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ನಮ್ಮಲ್ಲಿ ಕೆಲಸ ಮಾಡಿದ್ದು ಒಂದೇ: ಆ ಜೋಳ ನಿಲ್ಲಿಸಿ ಬೇರೆ ಆಹಾರ ಕೊಟ್ಟಿದ್ದು. ಮರಿಗಳ ಊತ ಇಳಿಯಿತು. ದೊಡ್ಡ ಹಂದಿಗಳು ಬೆದೆಗೆ ಮರಳಲು ಬಹಳ ಕಾಯಬೇಕಾಯಿತು.

ಇನ್ನೊಂದು ಮಾತು. ಉಳಿದ ಜೋಳ ತೋರಿಸಿದಾಗ, "ನಿಮ್ಮ ಗೋದಾಮಿನಲ್ಲೇ ಕೆಟ್ಟಿರಬೇಕು" ಅಂದುಬಿಟ್ಟರು ಮಾರಿದವರು. ಹಾಗಾಗಿ ಲೋಡು ಇಳಿಸುವಾಗಲೇ ಮಾದರಿ ತೆಗೆಯಿರಿ. ವಿಷ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಹಲವು ಮೂಟೆಗಳಿಂದ, ಮೇಲಿಂದಲೂ ತಳದಿಂದಲೂ ತೆಗೆದು ಬೆರೆಸಿ. ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ, ಕಾಗದದ ಚೀಲವೇ ವಾಸಿ. ಅದರ ಮೇಲೆ ತಾರೀಖು ಬರೆದು, ತಂದವರ ಸಹಿ ಹಾಕಿಸಿ, ಆ ಲೋಡು ತಿಂದ ಹಂದಿಗಳು ಮರಿ ಹಾಕುವವರೆಗೂ ಒಣ ಜಾಗದಲ್ಲಿ ಇಟ್ಟಿರಿ.